ಎದುರು ಕಿಟಕಿಯ ಕೂಗು

ಬೀದಿಯವರೆಲ್ಲ ಆಕೆಯನ್ನು ಗಿರಣಿಯಕ್ಕ ಎನ್ನುತ್ತಿದ್ದರು. ಬಟ್ಟೆ ಗಿರಣಿಯಲ್ಲಿ ವಯಸ್ಸೆಲ್ಲ ಸವೆಸಿದವಳು. ಮಗ್ಗಗಳ ಗದ್ದಲದಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವರಿಗೆ ಕೇಳದು. ಅದಕ್ಕೇ ಅಲ್ಲಿನ ಹೆಂಗಸರು ದನಿಯಿಲ್ಲದೆ ತುಟಿಯಲ್ಲೇ ಮಾತಾಡುತ್ತಿದ್ದರು. ಮೇಸ್ತ್ರಿಯನ್ನು ಅವನೆದುರೇ ಬೈದು, ಅವನು ತಿರುಗಿದರೆ ಆಕಳಿಸಿದಂತೆ ನಟಿಸುವಷ್ಟು ಪಳಗಿದ್ದರು.

ಗಿರಣಿ ಮುಚ್ಚಿತು, ಗಂಡ ತೀರಿಕೊಂಡ, ಕಿವಿ ಮಂದವಾಯಿತು. ಉಳಿದದ್ದು ಪಕ್ಕದ ಮಗ್ಗದ ಗೆಳತಿಯೊಬ್ಬಳೇ. ವಯಸ್ಸಿನಲ್ಲಿ ಚಿಕ್ಕವಳು, ಕಿವಿ ಇನ್ನೂ ಅಷ್ಟಿಷ್ಟು ಚುರುಕು. ಅವಳ ಮನೆ ರಸ್ತೆಯಾಚೆ, ಎದುರು ಕಿಟಕಿ. ಸಂಜೆಯಾದರೆ ಇಬ್ಬರೂ ಕಿಟಕಿಯಲ್ಲಿ ಕೂತು, ಕೆಳಗೆ ಓಡಾಡುವವರ ತಲೆಯ ಮೇಲೆಯೇ ಅವರ ಸಮಾಚಾರವನ್ನೆಲ್ಲ ತುಟಿಯಲ್ಲಿ ಜಾಲಾಡುತ್ತಿದ್ದರು. ಇಡೀ ದಿನದಲ್ಲಿ ಗಿರಣಿಯಕ್ಕನ ಪಾಲಿಗೆ ಅದೊಂದೇ ಮಾತು.

ಬಾಗಿಲು ಬಡಿದರೂ ಕೇಳದಂತಾದಾಗ ಕಿವಿ ಡಾಕ್ಟರ ಬಳಿ ಹೋದಳು. ಒಳಗಿವಿಯಲ್ಲಿ ಕೂದಲೆಳೆಯಂಥ ತುದಿಯ ಜೀವಕೋಶಗಳಿವೆ, ಗದ್ದಲಕ್ಕೂ ವಯಸ್ಸಿಗೂ ಅವು ತುಕ್ಕು ಹಿಡಿದಂತೆ ಹಾಳಾಗುತ್ತವೆ, ಆ್ಯಂಟಿಆಕ್ಸಿಡೆಂಟ್‌ಗಳು ಅಂಥ ತುಕ್ಕನ್ನು ತಡೆಯುವಂಥವು, ಪ್ರಯೋಗದ ಇಲಿಗಳಲ್ಲಿ ಸ್ವಲ್ಪ ಗುಣ ಕಂಡಿದೆ ಎಂದರು ಡಾಕ್ಟರು. ಅಷ್ಟು ಹೇಳಿ ಕಂಪ್ಯೂಟರಿನತ್ತ ತಿರುಗಿದರು. ಮನುಷ್ಯರಲ್ಲಿ ಅದಿನ್ನೂ ಖಚಿತವಾಗಿಲ್ಲ, ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ, ಕಿವಿಗೆ ಮಿಷನ್ ಹಾಕಿಕೊಳ್ಳಿ ಎಂದದ್ದೆಲ್ಲ ಕಂಪ್ಯೂಟರಿಗೇ ಹೇಳಿದಂತಾಯಿತು. ತುಟಿ ಕಾಣದ ಮಾತು ಅವಳ ಪಾಲಿಗೆ ಇಲ್ಲದ ಮಾತು. ಇನ್ನೊಮ್ಮೆ ಕೇಳಲು ಬಿಗುಮಾನ. ತಲೆಯಾಡಿಸಿ ಬಂದವಳೇ ಔಷಧಿ ಅಂಗಡಿಯಲ್ಲಿ ಆ ತುಕ್ಕು ತಡೆಯುವ ಮಾತ್ರೆ ಕೊಂಡು ತಿಂಗಳುಗಟ್ಟಲೆ ಶ್ರದ್ಧೆಯಿಂದ ನುಂಗಿದಳು. ಕಿವಿ ಅದಕ್ಕೆ ಕವಡೆ ಕಾಸಿನ ಕಿಮ್ಮತ್ತೂ ಕೊಡಲಿಲ್ಲ.

ಅಷ್ಟರಲ್ಲಿ ಗೆಳತಿ ಉತ್ತರ ಕೊಡುವುದನ್ನೇ ನಿಲ್ಲಿಸಿದಳು. ಇವಳು ತುಟಿ ಅಲ್ಲಾಡಿಸುತ್ತಾಳೆ, ಅವಳು ಸುಮ್ಮನೆ ಇತ್ತ ಮುಖ ಮಾಡಿ ಕೂತಿರುತ್ತಾಳೆ. ಇಷ್ಟು ವರ್ಷದ ಒಡನಾಟಕ್ಕೆ ಇದೇ ಬೆಲೆಯೇ ಎಂದು ಗಿರಣಿಯಕ್ಕ ನೊಂದುಕೊಂಡಳು. ಸಿಟ್ಟಿನಲ್ಲಿ ಕಿಟಕಿ ಮುಚ್ಚಿ ಪರದೆ ಎಳೆದಳು. ಆಮೇಲಿನ ಸಂಜೆಗಳು ಬಲು ಉದ್ದ. ಕುಕ್ಕರ್ ಕೂಗಿದ್ದೂ ತಿಳಿಯದೆ ಅಡುಗೆ ಸೀದುಹೋಗುತ್ತಿತ್ತು. ಸೀದದ್ದನ್ನೇ ತಿಂದು, ಗೋಡೆ ನೋಡುತ್ತ ಕೂರುತ್ತಿದ್ದಳು.

ಒಂದು ದಿನ ಕೆಳಗಿನ ಅಂಗಡಿಯ ಟೈಲರ್ ಅವಳನ್ನು ಅಡ್ಡಗಟ್ಟಿ, ಮುಖಕ್ಕೆ ಮುಖ ಕೊಟ್ಟು ನಿಂತ.

"ಎದುರುಮನೆಯವ್ರಿಗೆ ಕಣ್ಣು ಮಂಜಾಗಿದೆ ಅಕ್ಕಾ. ನಿಮ್ಮ ಕಿಟಕಿ ಮುಚ್ಚಿರೋದೂ ಕಾಣ್ಸಲ್ಲ. ನೀವು ಕೂತಿದೀರಿ ಅಂದ್ಕೊಂಡು ಕಾದು ಕಾದು, ಈಗೀಗ ದಿನಾ ಸಂಜೆ ಕೂಗ್ತಾರೆ. ಬೀದಿಗೆಲ್ಲಾ ಕೇಳುತ್ತೆ."

ಗಿರಣಿಯಕ್ಕ ರಸ್ತೆ ದಾಟಿ ಆ ಬಾಗಿಲ ತನಕ ಹೋದಳು. ಯಾವ ಮುಖ ಹೊತ್ತು ಒಳಗೆ ಹೋಗುವುದೆಂದು ನಾಚಿ ಹಿಂದಿರುಗಿದಳು. ಮರುದಿನ ಡಾಕ್ಟರ ಎದುರು ಕೂತು, ನನ್ನ ಕಡೆ ನೋಡಿಕೊಂಡೇ ಎಲ್ಲ ಹೇಳಿ ಎಂದಳು.

ಕಿವಿಗೆ ಮಿಷನ್ ಬಂದ ಸಂಜೆ ಕಿಟಕಿ ತೆರೆದಳು. ಗಾಡಿಗಳ ಹಾರ್ನ್, ಹೊಲಿಗೆ ಯಂತ್ರದ ಸದ್ದು, ಎಲ್ಲ ಒಟ್ಟಿಗೇ ನುಗ್ಗಿದವು. ಅವುಗಳ ನಡುವೆ ಒಂದು ಒಡಕು ಮುದಿ ದನಿ. ಯಾರೋ ಗುರುತಿಲ್ಲದವಳು ಎಂದುಕೊಂಡಳು. ಎದುರಿನ ತುಟಿಗಳು ಆ ದನಿಗೇ ಅಲ್ಲಾಡುತ್ತಿದ್ದವು. ಇಷ್ಟು ವರ್ಷ ಆ ತುಟಿಗಳಿಗೆ ಅವಳೇ ಮನಸ್ಸಿನಲ್ಲಿ ಒಂದು ಹರೆಯದ ದನಿ ಕೊಟ್ಟುಕೊಂಡಿದ್ದಳು.

"ಅಕ್ಕಾ, ಇದೀಯಾ?"

ಗಿರಣಿಯಕ್ಕನ ತುಟಿ ಅಭ್ಯಾಸದಂತೆ ಸದ್ದಿಲ್ಲದೆ ಅಲ್ಲಾಡಿತು. ಎದುರಿನ ಮುಖ ಇನ್ನೂ ಕಾಯುತ್ತಲೇ ಇತ್ತು. ಅವಳಿಗೆ ಅಳು ಬಂತು. ಕಿಟಕಿಯ ಸರಳು ಹಿಡಿದು, ಬೀದಿಯೇ ತಿರುಗಿ ನೋಡುವಂತೆ ಕೂಗಿದಳು.

"ಇದೀನಿ ಕಣೇ."