ಕೈಗುಣ

ನನ್ನ ಮೈದುನನ ಹೆಂಡತಿಯ ಕೈಗುಣವನ್ನು ಬೀದಿಯೆಲ್ಲ ಕೊಂಡಾಡುತ್ತಿತ್ತು. ಅವಳು ಶಿಶುವಿಹಾರದಲ್ಲಿ ಆಯಾ. ಬೆಳಿಗ್ಗೆ ಎಂಟಕ್ಕೆ ತಾಯಂದಿರು ರಚ್ಚೆ ಹಿಡಿದ ಕೂಸುಗಳನ್ನು ಅವಳ ತೋಳಿಗೆ ಹಾಕಿ ಕೆಲಸಕ್ಕೆ ಓಡುತ್ತಿದ್ದರು. ಅವರು ಗೇಟು ದಾಟುವಷ್ಟರಲ್ಲಿ ಅಳು ನಿಂತಿರುತ್ತಿತ್ತು. ಬಲಗೈ ಬೆನ್ನಿಗೆ, ಎಡಗೈ ಕುಂಡೆಯಡಿಗೆ, ಕೂಸಿನ ನೆತ್ತಿಯ ಮೇಲೆ ಅವಳ ಗಲ್ಲ. ಅವಳ ವಿದ್ಯೆ ಅಷ್ಟೇ. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ? ನನಗೆ ಮಕ್ಕಳಿಲ್ಲ. ನಾನು ಎತ್ತಿಕೊಂಡ ಕೂಸುಗಳು ಅತ್ತದ್ದೇ ಹೆಚ್ಚು.

ಅವಳಿಗೆ ಮಗಳು ಹುಟ್ಟಿದಳು. ಮೂರು ತಿಂಗಳೊಳಗೆ ಎರಡು ಸಲ ಕೂಸು ನೀಲಿಗಟ್ಟಿ ಕಣ್ಣು ತೇಲಿಸಿತು. ಹೃದಯದ ಬಡಿತ ಇದ್ದಕ್ಕಿದ್ದಂತೆ ದಿಕ್ಕು ತಪ್ಪುವ ಕಾಯಿಲೆಯಂತೆ. ಎದೆಯಲ್ಲಿ ಜಾಗ ಸಾಲದೆಂದು ಹೊಟ್ಟೆಯೊಳಗೆ ಬೆಂಕಿಪೊಟ್ಟಣಕ್ಕಿಂತ ದೊಡ್ಡದೊಂದು ಡಬ್ಬಿಯಿಟ್ಟು, ಅದರ ತಂತಿಯನ್ನು ಹೃದಯಕ್ಕೆ ಹೊಲಿದರು. ಬಡಿತ ಕೆಟ್ಟರೆ ಡಬ್ಬಿ ತಾನೇ ಶಾಕ್ ಕೊಟ್ಟು ಸರಿ ಮಾಡುತ್ತದೆ.

"ಎತ್ಕೊಂಡಿದ್ದೋರಿಗೂ ಸ್ವಲ್ಪ ಜುಮ್ ಅನ್ಬಹುದು, ಹೆದರ್ಬೇಡಿ," ಎಂದರು ಡಾಕ್ಟರು.

"ಮಗೂಗೆ ಹೇಗಿರುತ್ತೆ?" ಎಂದು ಇವಳು ಕೇಳಿದಳು.

"ಎದೆಗೆ ಯಾರೋ ಜಾಡಿಸಿ ಒದ್ದ ಹಾಗೆ ಅಂತಾರೆ, ಇದನ್ನ ಹಾಕಿಸ್ಕೊಂಡಿರೋ ದೊಡ್ಡೋರು."

ಶಿಶುವಿಹಾರದ ಮೇಡಂ ಈ ಕೂಸನ್ನು ಮಾತ್ರ ಸೇರಿಸಿಕೊಳ್ಳಲಿಲ್ಲ. ಬೇರೆ ತಾಯಂದಿರು ಹೆದರುತ್ತಾರಂತೆ. ನಾವೆಲ್ಲ ಇದ್ದದ್ದು ಒಂದೇ ಮನೆಯಲ್ಲಿ, ಹಾಗಾಗಿ ಹಗಲೆಲ್ಲ ಅದು ನನ್ನ ಬಳಿ.

ಹತ್ತು ತಿಂಗಳು ತುಂಬಿದ ವಾರ, ಸಂಜೆ ಕೆಲಸದಿಂದ ಬಂದವಳು ಮಗಳನ್ನು ಎತ್ತಿಕೊಂಡಳು. ನಗುತ್ತಿದ್ದ ಕೂಸು ಬಿಳಿಚಿಕೊಂಡಿತು, ಡಬ್ಬಿ ಹೊಡೆಯಿತು. ಅಬ್ಬಾ, ಆ ಕಿರುಚಾಟ! ಐದನೇ ದಿನ ಸ್ನಾನ ಮಾಡಿಸಿ ಎತ್ತಿಕೊಂಡಾಗ ಮತ್ತೆ ಹೊಡೆಯಿತು. ಎರಡು ಸಲವೂ ಜೀವ ಉಳಿಯಿತು, ಎರಡು ಸಲವೂ ಅವಳ ತೋಳಿನಲ್ಲೇ. "ಯಂತ್ರ ಅದರ ಕೆಲಸ ಮಾಡಿದೆ, ನಿಮ್ಮದೇನೂ ತಪ್ಪಿಲ್ಲ," ಎಂದರು ಡಾಕ್ಟರು. ಸರಿ, ಅದನ್ನು ಕೂಸಿಗೆ ಯಾರು ಹೇಳಬೇಕು?

ಆಮೇಲೆ ಅವಳು ಕೈ ಚಾಚಿದರೆ ಸಾಕು, ಕೂಸು ಸೆಟೆದುಕೊಂಡು ಚೀರುತ್ತಿತ್ತು. ಅಷ್ಟು ಅತ್ತರೆ ಬಡಿತ ಮತ್ತೆ ಕೆಡಬಹುದೆಂದು ಡಾಕ್ಟರು ಹೇಳಿದ್ದರಿಂದ ಅವಳೇ ಹಿಂದೆ ಸರಿಯಬೇಕು. ಒಂದು ದಿನ ನನ್ನ ಸೋಪಿನಲ್ಲಿ ಮಿಂದು, ನನ್ನ ಸೀರೆಯುಟ್ಟು, ಹಿಂದಿನಿಂದ ಬಂದು ಎತ್ತಿಕೊಂಡಳು. ಆ ಕೈ ಯಾರದೆಂದು ಕೂಸಿಗೆ ಗೊತ್ತಾಗದೆ ಇರುತ್ತದೆಯೆ? ಅತ್ತ ಶಿಶುವಿಹಾರದಲ್ಲಿ ಇಪ್ಪತ್ತು ಕೂಸುಗಳು ಅದೇ ತೋಳಿನಲ್ಲಿ ಹಾಯಾಗಿ ನಿದ್ದೆ ಹೋಗುತ್ತಿದ್ದವು.

ಬಾಯಲ್ಲಿ "ಪಾಪ" ಅನ್ನುತ್ತಿದ್ದೆ, ಒಳಗೊಳಗೇ ಹಿಗ್ಗುತ್ತಿದ್ದೆ. ಹೊರಗೆ ಅವಳ ಚಪ್ಪಲಿ ಸದ್ದಾದ ಕೂಡಲೇ ಕೂಸನ್ನು ಸೊಂಟಕ್ಕೇರಿಸಿ ಬಾಗಿಲಲ್ಲಿ ನಿಲ್ಲುತ್ತಿದ್ದೆ.

"ಅಕ್ಕಾ, ಒಂದ್ಸಲ ಕೊಡಿ."

"ನಾನೇನ್ ಕಟ್ಟಿಹಾಕ್ಕೊಂಡಿದೀನೇನೆ? ಅದೇ ಬರಲ್ಲ ಅಂದ್ರೆ ನಾನೇನ್ ಮಾಡ್ಲಿ?"

ಅವಳು ಕೈಕಾಲು ತೊಳೆಯಲು ಹೋಗುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಕೂಸನ್ನು ಮಡಿಲಲ್ಲಿ ಕೂರಿಸಿಕೊಂಡು ಬಾಳೆಹಣ್ಣು ಕಿವುಚಿ ತಿನ್ನಿಸುತ್ತಿದ್ದೆ. ನನ್ನ ತೊಡೆ ಜುಮ್ ಎಂದಿತು. ಕೂಸು ಕೂತಲ್ಲೇ ಎಗರಿ ಚೀರಿತು, ತಿರುಗಿ ನನ್ನನ್ನು ನೋಡಿತು, ತೆವಳಿಕೊಂಡು ಮಡಿಲಿನಿಂದ ಇಳಿಯಿತು. ಆ ನೋಟ ನನ್ನ ಶತ್ರುವಿಗೂ ಬೇಡ.

ತಲೆಯೆತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಅವಳು. ಮುಖದ ಮೇಲೆ ನಗು! ಹೆತ್ತ ಮಗಳಿಗೆ ಶಾಕ್ ಹೊಡೆದಿದೆ, ಇವಳು ನಗುತ್ತಿದ್ದಾಳೆ. ಬಯ್ಯಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಅವಳ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಅವಳು ಮಂಡಿಯೂರಿ ಎರಡೂ ಕೈ ಚಾಚಿದಳು. "ಬಾ ಕಂದಾ. ಈಗ್ಲಾದ್ರೂ ಬಾ."

ಕೂಸು ಅವಳನ್ನು ನೋಡಿತು, ನನ್ನನ್ನು ನೋಡಿತು. ಅಂಬೆಗಾಲಿಕ್ಕುತ್ತ ಮೂಲೆಗೆ ಹೋಗಿ ಮೇಜಿನ ಕಾಲನ್ನು ತಬ್ಬಿಕೊಂಡು, ಅದಕ್ಕೆ ಕೆನ್ನೆಯೊತ್ತಿ ಕೂತಿತು. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಮತ್ತೆ ಶುರುವಾದೀತೆಂದು ನಾವಿಬ್ಬರೂ ಇದ್ದಲ್ಲಿಂದ ಕದಲಲಿಲ್ಲ.