ಗುಡುಗು ಮಳೆಯಲ್ಲಿ ಹರಿಹರದ ಮನೆ ನೋಡಿದ್ದು

ವೈಶಾಖದ ಬಿಸಿಲು ಅಂಗಳಕ್ಕೆ ಇಳಿಯುವ ಮೊದಲೇ ದಾವಣಗೆರೆಯ ಮನೆ ಬಿಟ್ಟೆವು, ನಾನು ಮತ್ತು ನನ್ನ ತಮ್ಮ ಚನ್ನಬಸಪ್ಪ. ಹೋಗಬೇಕಾದದ್ದು ಹರಿಹರಕ್ಕೆ, ಒಂಬತ್ತು ಮೈಲಿ. ಮೊಮ್ಮಗಳು ರತ್ನಳನ್ನು ಕೇಳಿದ್ದ ಗಂಡಿನ ಮನೆ ನೋಡಿ, ಹೂಂ ಅಥವಾ ಊಹೂಂ ಹೇಳಿ ಬರುವುದು ಕೆಲಸ. ಹುಡುಗ ಬಂದು ಹುಡುಗಿಯನ್ನು ನೋಡಿ ಒಪ್ಪಿಯಾಗಿತ್ತು. ಅವಳ ಅಪ್ಪನಿಗೆ, ಅಂದರೆ ನನ್ನ ಮಗನಿಗೆ, ಮಿಲ್ಲಿನಲ್ಲಿ ರಜೆ ಸಿಗಲಿಲ್ಲ. ನೀನು ಏನು ಹೇಳಿದರೆ ಅದೇ ಎಂದು ನನ್ನ ತಲೆಗೆ ಕಟ್ಟಿದ.

ರತ್ನ ಬಾಗಿಲಿಗೆ ಬಂದು, “ಅಜ್ಜಿ, ಚೆನ್ನಾಗಿ ನೋಡ್ಕೊಂಡು ಬಾ” ಎಂದಳು. ಒಪ್ಪಿಕೊಂಡು ಬಾ ಎಂದು ಅದರ ಅರ್ಥ. ಆ ಹುಡುಗ ಬಂದು ಹೋದಾಗಿನಿಂದ ಅವಳು ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು. ಆದರೆ ನನ್ನ ಭಯ ನನಗೆ. ನನ್ನ ಹಿರಿಮಗಳನ್ನು ಕೊಡುವಾಗಲೂ ಹೀಗೆಯೇ ಮನೆ ನೋಡಿದ್ದೆವು. ಗೋಡೆಯುದ್ದಕ್ಕೂ ಹಿತ್ತಾಳೆ ಕೊಡ ಹೊಳೆಯುತ್ತಿದ್ದವು. ಮದುವೆಯಾದ ತಿಂಗಳಲ್ಲಿ ಒಂದೊಂದೇ ಕೊಡ ತನ್ನ ಯಜಮಾನನ ಮನೆಗೆ ಹೋಯಿತು. ಮಗಳು ಬಡತನಕ್ಕೆ ಹೆದರುವವಳಲ್ಲ. ಆ ಮನೆಯವರ ಬಾಯಲ್ಲಿ ನಿಜ ಬರುತ್ತಿರಲಿಲ್ಲ, ಅದರಿಂದ ಅವಳ ಜೀವ ಹಣ್ಣಾಯಿತು. ಅದಕ್ಕೇ ಈ ಸಲ ನಾನೇ ಹೊರಟದ್ದು.

ಮನೆ ನೋಡಲು ಹೋದವರು ನೀರು ಕುಡಿಯಬಹುದು, ಸಿಹಿ ತಿಂದರೆ ಮಾತ್ರ ಒಪ್ಪಿದ ಹಾಗೆ. ಇದು ನಮ್ಮ ಕಡೆಯ ಪದ್ಧತಿ. ಹಾಗಾಗಿ ಹೊಟ್ಟೆಗೆಂದು ಒಗ್ಗರಣೆ ಮಂಡಕ್ಕಿ ಕಟ್ಟಿಕೊಂಡಿದ್ದೆ. ಬಸ್ಸು ಊರು ದಾಟುವಷ್ಟರಲ್ಲಿ ಚನ್ನಬಸಪ್ಪ ಅದನ್ನು ಮುಗಿಸಿ ಕೈ ಒರೆಸಿಕೊಂಡ.

ಬಸ್ಸಿಗೆ ತಲೆಗೆ ಐದಾಣೆ. ನಯಾಪೈಸೆ ಬಂದಿದ್ದರೂ ಕಂಡಕ್ಟರು ಆಣೆಯಲ್ಲೇ ಕೇಳುತ್ತಿದ್ದ. ಬಸ್ಸು ಹೊರಟಾಗಲೇ ಹೊತ್ತೇರಿತ್ತು, ಕಿಟಕಿಯ ಕಬ್ಬಿಣ ಕಾದ ಹಂಚಿನಂತಿತ್ತು. ರಸ್ತೆಯ ಎರಡು ಕಡೆಯೂ ಎರೆ ಹೊಲ ಬಿರುಕು ಬಿಟ್ಟು ಬಾಯಿ ತೆರೆದಿತ್ತು. ಪಂಚಾಂಗದಲ್ಲಿ ಈ ಸಲ ಕೃತ್ತಿಕೆ ಮಳೆ ಜೋರಿದೆ ಎಂದು ತಮ್ಮ ದಾರಿಯುದ್ದಕ್ಕೂ ಹೇಳಿದ. ಹಾಗಾದರೆ ಕೊಡೆ ಯಾಕೆ ತರಲಿಲ್ಲ ಎಂದು ಕೇಳಿದೆ. ಕಿಟಕಿಯ ಕಡೆ ತಿರುಗಿ ಹೊಲ ನೋಡತೊಡಗಿದ.

ಹರಿಹರದಲ್ಲಿ ಇಳಿದು ಜಟಕಾ ಹಿಡಿದೆವು. ಹೊಳೆಯ ದಂಡೆಯ ಹತ್ತಿರ ಗಾಡಿ ಒಂದು ಗಳಿಗೆ ನಿಂತಿತು. ತುಂಗಭದ್ರೆ ಮರಳಿನ ನಡುವೆ ಒಂದು ಸೀರೆಯಗಲ ಹರಿಯುತ್ತಿದ್ದಳು. ಇದ್ದ ನೀರಿನಲ್ಲೆಲ್ಲ ಎಮ್ಮೆಗಳು ಕೂತಿದ್ದವು. ಅವುಗಳ ಪುಣ್ಯ ಎನಿಸಿತು.

ಗಂಡಿನ ಮನೆ ದೇವಸ್ಥಾನದ ಹಿಂದಿನ ಓಣಿಯಲ್ಲಿ, ಹೆಂಚಿನ ಸಣ್ಣ ಮನೆ. ತಾಯಿ ಗೌರಮ್ಮ, ಗಂಡನನ್ನು ಕಳೆದುಕೊಂಡವಳು. ಮಗ ಹಾಲೇಶ ಊರ ಹೊರಗಿನ ಕಾರ್ಖಾನೆಯಲ್ಲಿ ಲೇತ್ ಮಷಿನ್ನಿನ ಕೆಲಸದವನು. ನಡುಮನೆಗೆ ಹೊಸ ಜಮಖಾನ ಹಾಸಿದ್ದರು. ಅದರ ಮೇಲೆ ಮಿರಿಮಿರಿ ಮಿಂಚುವ ನಾಲ್ಕು ಕುರ್ಚಿ. ಗೋಡೆಯ ಗೂಡಿನಲ್ಲಿ ಒಂದು ದೊಡ್ಡ ಬ್ಯಾಟರಿ ರೇಡಿಯೋ, ಅದರ ನೆತ್ತಿಗೆ ಕುಂಕುಮ, ಅದರ ತಂತಿ ಕಿಟಕಿಯಿಂದ ಹೊರಗಿನ ಬಿದಿರು ಗಳುವಿಗೆ. ಚನ್ನಬಸಪ್ಪ ಕೈಯಿರುವ ಕುರ್ಚಿ ಹಿಡಿದು ಅಮಲ್ದಾರನ ಹಾಗೆ ಕೂತ. ನಾನು ಜಮಖಾನದ ಅಂಚು ಬಿಟ್ಟು ಬಾಗಿಲ ಹತ್ತಿರ ನೆಲಕ್ಕೇ ಕೂತೆ, ಅಲ್ಲಿ ಗಾಳಿ ಇತ್ತು.

ರೇಡಿಯೋ ಯಾವಾಗ ತಗೊಂಡ್ರಿ ಎಂದು ಕೇಳಿದೆ. ಹೋದ ದೀಪಾವಳಿಗೆ ಎಂದಳು ಗೌರಮ್ಮ. ಮಗ ತನ್ನ ಕಾಲ್ಬೆರಳು ನೋಡಿಕೊಂಡ. ಹಚ್ಚಪ್ಪ ಎಂದೆ, ಅವನು ಒಂದು ತಿರುಗಣಿ ತಿರುಗಿಸಿದ, ಅದು ಶಿಳ್ಳೆ ಹಾಕಿತು. ಇನ್ನೊಂದು ತಿರುಗಿಸಿದ, ಕೆಮ್ಮಿತು. ಕೊನೆಗೆ ವಾರ್ತೆ ಬಂತು, ವಾರ್ತೆಯ ಕಡೆಗೆ ಹವೆಯ ಸುದ್ದಿ. ಒಳನಾಡಿನಲ್ಲಿ ಬಿಸಿಲಿನ ತಾಪ ಮುಂದುವರಿಯುತ್ತದೆ, ಅಲ್ಲಲ್ಲಿ ಗುಡುಗಿನೊಂದಿಗೆ ಮಳೆಯಾಗಬಹುದು ಎಂದರು. ಅಲ್ಲಲ್ಲಿ ಅಂದರೆ ಎಲ್ಲಿ ಎಂದು ಚನ್ನಬಸಪ್ಪ ರೇಡಿಯೋವನ್ನೇ ಕೇಳಿದ. ಅದು ಹೇಳಲಿಲ್ಲ.

ಗೌರಮ್ಮ ತಟ್ಟೆಯಲ್ಲಿ ರವೆಯ ಸಿಹಿ ಸಜ್ಜಕ ತಂದಿಟ್ಟಳು. ತುಪ್ಪದ ವಾಸನೆಗೆ ತಮ್ಮನ ಕೈ ಎದ್ದಿತು. ನಾನು ನೋಡಿದೆ, ಇಳಿಯಿತು. ನಾನು ನೀರು ಮಾತ್ರ ಕುಡಿದೆ. ಗೌರಮ್ಮ ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋಗುವಾಗ ಅವಳ ಮುಖ ನೋಡಲಾಗಲಿಲ್ಲ.

ಅಷ್ಟರಲ್ಲಿ ಹೊಳೆಯ ಕಡೆಯಿಂದ ಕಪ್ಪಾಯಿತು. ಧೂಳೆದ್ದು ಓಣಿ ಕಾಣದಾಯಿತು, ಕಿಟಕಿ ಬಾಗಿಲು ಬಡಿದುಕೊಂಡವು. ಒಂದು ಗುಡುಗಿಗೆ ಚನ್ನಬಸಪ್ಪ ಕುರ್ಚಿ ಬಿಟ್ಟು ನನ್ನ ಪಕ್ಕಕ್ಕೆ ಬಂದ. ಹಿಂದೆಯೇ ಪಕ್ಕದ ಮನೆಯ ಹುಸೇನ್ ಸಾಹೇಬರು, ಬಳೆ ವ್ಯಾಪಾರದವರು, ತಲೆಯ ಮೇಲೆ ಗೋಣಿಚೀಲ ಹೊದ್ದು ಓಡಿ ಬಂದರು.

“ಗೌರಮ್ಮಾರೆ, ಮೊದ್ಲು ತಂತಿ ಕೀಳ್ರಿ. ಸಿಡ್ಲು ಹೊಡೆದ್ರೆ ನನ್ನ ರೇಡಿಯೋ ಖತಂ.”

ಆಮೇಲೆ ನಮ್ಮನ್ನು ನೋಡಿದರು. ನಾಲಿಗೆ ಕಚ್ಚಿಕೊಂಡು, ನನ್ನದು ಅಂದ್ರೆ ನಿಮ್ಮದು ಎಂದು ಏನೋ ಸುತ್ತಿದರು.

“ನಿಮ್ದೇ ಅಂತ ಹೇಳ್ರಿ ಸಾಹೇಬ್ರೆ,” ಎಂದೆ, “ನಾನೇನು ಪೊಲೀಸಲ್ಲ.”

ಬಾಯಿ ಹಾಗೆಂದಿತು, ಮನಸ್ಸು ಮಾತ್ರ ಹಿರಿಮಗಳ ಮನೆಗೆ ಹೋಯಿತು. ಮತ್ತೆ ಅದೇ ಹಿತ್ತಾಳೆ ಕೊಡ. ರತ್ನಳಿಗೆ ಬೇರೆ ಗಂಡು ನೋಡಿದರಾಯಿತು ಎಂದು ಸೆರಗು ಕೊಡವಿ ಎದ್ದೆ. ಏಳುವುದಕ್ಕೂ ಆಲಿಕಲ್ಲು ಬೀಳುವುದಕ್ಕೂ ಸರಿಯಾಯಿತು. ನಿಂಬೆಹಣ್ಣಿನಂಥವು. ಹೊಸ್ತಿಲಿನಾಚೆ ಕಾಲಿಡುವಂತಿರಲಿಲ್ಲ.

ಹಾಲೇಶ ತಂತಿ ಕಿತ್ತು, ತನ್ನ ಅಂಗಿ ಬಿಚ್ಚಿ ರೇಡಿಯೋಗೆ ಸುತ್ತಿದ. ಬನಿಯನ್ನಿನಲ್ಲೇ ನನ್ನ ಮುಂದೆ ಬಂದು ನಿಂತ.

“ಅಜ್ಜಿ, ರೇಡಿಯೋ ಸಾಹೇಬ್ರದು. ಕುರ್ಚಿ ಎದ್ರುಮನಿ ಮೇಷ್ಟ್ರದು. ಜಮಖಾನ ಅಂಗಡಿಯೋರ್ದು. ನಮ್ದು ಅಂದ್ರೆ ಮ್ಯಾಲಿನ ಹೆಂಚು, ಅದೂ ಸೋರ್ತೈತೆ. ಅವ್ವ ಹೆದ್ರಿ ತಂದ್ಲು, ನಾನು ಬ್ಯಾಡ ಅನ್ಲಿಲ್ಲ.”

ಅವನು ಹೇಳಿ ಮುಗಿಸುವ ಮೊದಲೇ ಹೆಂಚು ಒಡೆದು ಜಮಖಾನದ ಮೇಲೆ ನೀರು ಸುರಿಯಿತು. ಆಮೇಲೆ ಬೀಗರು ಬಿಜ್ಜರು ಎಂಬ ಭೇದ ಯಾವುದೂ ಉಳಿಯಲಿಲ್ಲ. ತಾಯಿ ಮಗ ಜಮಖಾನ ಸುತ್ತಿ ಅಟ್ಟಕ್ಕೆ ಎಸೆದರು. ಸಾಹೇಬರು ರೇಡಿಯೋವನ್ನು ಕೂಸಿನ ಹಾಗೆ ಎದೆಗವಚಿಕೊಂಡು ಮೂಲೆ ಸೇರಿದರು. ಹಾಲೇಶ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮೇಲೆ ತನ್ನ ಹಾಸಿಗೆಯನ್ನೇ ಹೊದಿಸಿದ. ಹಾಸಿಗೆ ಒದ್ದೆಯಾಯಿತು, ಕುರ್ಚಿ ಆಗಲಿಲ್ಲ. ನನಗೂ ಸುಮ್ಮನೆ ನಿಲ್ಲಲಾಗಲಿಲ್ಲ. ಸೀರೆ ಎತ್ತಿ ಕಟ್ಟಿ ಅಡುಗೆಮನೆಗೆ ಹೋಗಿ, ಪಾತ್ರೆ ತಂದು ಹನಿ ಬೀಳುವಲ್ಲೆಲ್ಲ ಇಟ್ಟೆ. ಹಿತ್ತಲ ಬಾಗಿಲಿನಿಂದ ನೋಡಿದರೆ, ಮಂಚದ ಮೇಲೆ ಒಣಹಾಕಿದ ಶಾವಿಗೆ ಆಲಿಕಲ್ಲಿನ ಏಟಿಗೆ ಮುದ್ದೆಯಾಗುತ್ತಿತ್ತು. ವರ್ಷದ ಶಾವಿಗೆ.

“ಗೌರಮ್ಮ, ಶಾವಿಗೆ ಹೋಗ್ತಾ ಐತಲ್ಲೇ” ಎಂದು ಕೂಗಿದೆ.

ಅವಳು ಕುರ್ಚಿಯ ಕಾಲು ಒರೆಸುತ್ತಿದ್ದವಳು ತಿರುಗಿಯೂ ನೋಡಲಿಲ್ಲ.

“ಹೋಗ್ಲಿ ಬಿಡ್ರಿ, ಅದು ನಮ್ದು. ಕುರ್ಚಿ ಮಂದಿದು.”

ನಾನು ಅಲ್ಲೇ ನಿಂತೆ. ನನ್ನ ಮಗಳ ಅತ್ತೆ ಎರವಲು ತಂದ ಕೊಡಗಳಲ್ಲಿ ಎರಡು ನೆಗ್ಗಿ ಹಿಂದಿರುಗಿದ್ದವು, ಒಂದು ಹಿಂದಿರುಗಲೇ ಇಲ್ಲ. ಇವಳೂ ಸುಳ್ಳು ಹೇಳಿದ್ದಳು, ಹೌದು. ಬಡವಿ ಹೆದರಿ ಹೇಳಿದ ಒಂದು ದಿನದ ಸುಳ್ಳು. ಮಗ ಅದನ್ನು ಸಂಜೆಯವರೆಗೂ ಇಟ್ಟುಕೊಳ್ಳಲಾರದೆ ಹೋದ.

ಆಲಿಕಲ್ಲು ನಿಂತು ಬರೀ ಮಳೆಯಾಯಿತು. ಮಣ್ಣಿನ ವಾಸನೆ ಮನೆಯೊಳಗೆಲ್ಲ ತುಂಬಿತು. ನಾನು ಒದ್ದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ.

“ಬೀಗಿತ್ತಿ, ಆ ಸಜ್ಜಕ ಎಲ್ಲಿಟ್ಟೀಯೇ? ತಾ ಇಲ್ಲಿ.”

ಗೌರಮ್ಮನ ಕೈಯಿಂದ ಒರೆಸುವ ಬಟ್ಟೆ ಬಿತ್ತು. ಮೊದಲು ಅರ್ಥವಾದದ್ದು ಸಾಹೇಬರಿಗೆ. ರೇಡಿಯೋ ಕೆಳಗಿಡದೆಯೇ, ಮುಬಾರಕ್ ಹಾಲೇಶಪ್ಪ, ಇನ್ನಾದ್ರೂ ಅಂಗಿ ಹಾಕ್ಕೋ ಎಂದರು. ಎಲ್ಲರೂ ನಕ್ಕೆವು, ಗೌರಮ್ಮ ಅಳುತ್ತಲೇ ನಕ್ಕಳು. ಸಜ್ಜಕದಲ್ಲಿ ಮಳೆನೀರು ಬಿದ್ದು ಸ್ವಲ್ಪ ತೆಳ್ಳಗಾಗಿತ್ತು. ಹಾಗೇ ತಿಂದೆ. ಚನ್ನಬಸಪ್ಪ ಎರಡು ತಟ್ಟೆ ತಿಂದು, ರುಮಾಲಿನ ತುಂಬ ಆಲಿಕಲ್ಲು ಆಯ್ದು ತಂದು ಎಲ್ಲರಿಗೂ ಹಂಚಿದ. ಹಲ್ಲಿಲ್ಲದ ಬಾಯಲ್ಲಿ ನಾನೂ ಒಂದಿಟ್ಟುಕೊಂಡೆ. ಗೌರಮ್ಮ ಒಲೆಯ ಮುಂದೆ ನನ್ನ ಸೆರಗು ಹಿಡಿದು ಒಣಗಿಸಿ ಕೊಟ್ಟಳು.

ಸಾಯಂಕಾಲದ ರೈಲಿನಲ್ಲಿ ಹೊರಟೆವು. ಸೇತುವೆಯ ಕಡೆ ನೋಡಿದರೆ ಹೊಳೆಯ ನೀರು ಕೆಂಪಗಾಗಿತ್ತು. ಕಿಟಕಿಯಲ್ಲಿ ತಣ್ಣನೆ ಗಾಳಿ. ದಾವಣಗೆರೆಯ ಹತ್ತಿರ ಬಂದರೆ ನೆಲ ಬೆಳಿಗ್ಗೆಯಂತೆಯೇ ಒಣಗಿತ್ತು, ಒಂದು ಹನಿ ಬಿದ್ದಿರಲಿಲ್ಲ. ತಮ್ಮನಿಗೆ ನಾನು ಒಪ್ಪಿದ್ದಕ್ಕಿಂತ ಇದೇ ದೊಡ್ಡ ಆಶ್ಚರ್ಯ.

ರತ್ನ ಬಾಗಿಲಲ್ಲೇ ಇದ್ದಳು. ಕಾಲಿಗೆ ನೀರು ಹಾಕಲು ತಂಬಿಗೆ ತಂದಳು.

“ಮನೆ ಸೋರ್ತೈತೆ” ಎಂದೆ.

ಅವಳ ಮುಖ ಸಣ್ಣದಾಯಿತು. ತಂಬಿಗೆ ಬಗ್ಗಿಸಿದ ಕೈ ಹಾಗೇ ನಿಂತಿತು.

“ಅಡಿಗಿಮನಿ ಮೂಲ್ಯಾಗೊಂದು ಕಡೆ, ನಡುಮನ್ಯಾಗೆ ತೊಲೆ ಕೆಳಗೊಂದು ಕಡೆ. ನೀನು ಬಾಗಿಲ ಕಡೆ ಹಾಸ್ಗೆ ಹಾಕ್ಕೋ. ಅಲ್ಲಿ ಹನಿ ಬೀಳಲ್ಲ, ನಾನು ಕುಂತು ನೋಡೀನಿ.”

ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಹುಡುಗಿ ತಂಬಿಗೆಯ ನೀರನ್ನೆಲ್ಲ ಕಾಲು ಬಿಟ್ಟು ನನ್ನ ಸೀರೆಯ ಮೇಲೆ ಸುರಿದು, ನಗುತ್ತ ನಿಂತಳು.