ಪದ್ಮವ್ವ ಒಲ್ಲೆನೆಂದ ಸೂಜಿ

ಬಾವಿಯಿಂದ ಸೇದಿದ ನೀರನ್ನು ಮಡಚಿದ ಬಿಳಿ ಬಟ್ಟೆಯಲ್ಲಿ ಸೋಸಿದರೆ ಪದ್ಮವ್ವನವರ ಕೆಲಸ ಮುಗಿಯುವುದಿಲ್ಲ. ಬಟ್ಟೆಯನ್ನು ತಿರುವಿ ಹಿಡಿದು, ಸೋಸಿದ ನೀರನ್ನೇ ಅದರ ಮೇಲೆ ಹಾಕಿ, ಅಂಟಿಕೊಂಡದ್ದನ್ನೆಲ್ಲ ಒಂದು ಸಣ್ಣ ಬಕೀಟಿಗೆ ಇಳಿಸುತ್ತಾರೆ. ಆಮೇಲೆ ಆ ಬಕೀಟನ್ನು ಹಗ್ಗದಲ್ಲಿ ನೀರಿನ ಮಟ್ಟದವರೆಗೆ ಬಿಟ್ಟು, ಅಲ್ಲಿ ಮೆಲ್ಲಗೆ ವಾಲಿಸುತ್ತಾರೆ. ಮೇಲಿನಿಂದ ಸುರಿಯುವಂತಿಲ್ಲ. ಕಣ್ಣಿಗೆ ಕಾಣದ ಜೀವಗಳು ಅಷ್ಟೆತ್ತರದಿಂದ ಬಿದ್ದರೆ ಸಾಯುತ್ತವೆ ಎಂಬುದು ನಂಬಿಕೆ. ಇದಕ್ಕೆ ಜೀವಾಣಿ ಬಿಡುವುದು ಎನ್ನುತ್ತಾರೆ. ನಳ ಬಂದ ಮೇಲೆ ಐನಾಪುರದ ಜೈನ ಮನೆಗಳಲ್ಲಿ ಇದನ್ನು ದಿನವೂ ಮಾಡುವವರು ಕಡಿಮೆ. ಪದ್ಮವ್ವ ಬಿಟ್ಟಿರಲಿಲ್ಲ.

ಬಾವಿಕಟ್ಟೆಗೆ ಮೂರೇ ಮೆಟ್ಟಿಲು. 2013ರ ಬೇಸಿಗೆಯಲ್ಲಿ ಅವರು ಅವನ್ನು ಇಳಿಯುತ್ತಿದ್ದುದು ಗೋಡೆಗೆ ಕೈಕೊಟ್ಟು, ಬಾವಿಯ ಕಡೆ ಮುಖ ಮಾಡಿ, ಹಿಂದುಹಿಂದಕ್ಕೆ. ಅಂಗಳದಲ್ಲಿ ಹಲ್ಲುಜ್ಜುತ್ತ ಕೂತ ಗಂಡ ಧನಪಾಲ ದಿನಾಲೂ ಒಂದೇ ಮಾತು ಹೇಳುತ್ತಿದ್ದರು.

“ಸರೀರೆಪಾ, ಗಾಡಿ ರಿವರ್ಸ್ ಬರಾಕತ್ತೈತಿ.”

“ನಿಮ್ಮ ಕಾಲೂ ಹಿಂಗಾಗಲಿ, ಹಿಂದ ನಿಂತು ನಾನೂ ಸೀಟಿ ಊದತೀನಿ.”

ಪದ್ಮವ್ವನಿಗೆ ಆಗ ಅರವತ್ತು ದಾಟಿತ್ತು. ಮಂಗಸೂಳಿ ಕಡೆಯ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಕೃಷ್ಣೆಯ ದಂಡೆಯ ಕಬ್ಬಿನ ಹೊಲ ಇದ್ದ ಈ ಮನೆಗೆ ಸೊಸೆಯಾಗಿ ಬಂದವರು. ಕುಕ್ಕರಗಾಲಿನಲ್ಲಿ ಕೂತು ಕಳೆ ತೆಗೆದದ್ದು, ನೆಲದ ಮೇಲೆ ಕೂತು ರೊಟ್ಟಿ ಬಡಿದದ್ದು, ಮೇವಿನ ಹೊರೆ ಹೊತ್ತದ್ದು, ಎಲ್ಲವೂ ಮೊಣಕಾಲಿನಲ್ಲಿ ಕೂಡಿಕೊಂಡಿತ್ತು. ನೋವಿನ ಬಗ್ಗೆ ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಅದನ್ನು ಅವರು ಎಣಿಕೆಗೆ ತೆಗೆದುಕೊಂಡದ್ದು ಒಂದು ತಂಬಿಗೆ ಕೈಜಾರಿ ಬಿದ್ದ ಮೇಲೆ.

ಅದು ಆ ವರ್ಷದ ಮಾಘ ಮಾಸದ ಮಾತು. ಊರಿಂದೂರಿಗೆ ನಡೆಯುವ ವಿಹಾರದಲ್ಲಿದ್ದ ದಿಗಂಬರ ಮುನಿಯೊಬ್ಬರು ಐನಾಪುರದ ಬಸದಿಯಲ್ಲಿ ತಂಗಿದ್ದರು. ಮುನಿಗಳಿಗೆ ದಿನಕ್ಕೆ ಒಂದೇ ಆಹಾರ, ಅದೂ ನಿಂತುಕೊಂಡೇ, ಬೊಗಸೆಯಲ್ಲೇ. ಬೆಳಿಗ್ಗೆ ಅವರು ಓಣಿಯಲ್ಲಿ ಬರುವ ಹೊತ್ತಿಗೆ ಆಹಾರ ಕೊಡುವ ಮನೆಯವರು ಕಳಶ ಹಿಡಿದು ಬಾಗಿಲಲ್ಲಿ ನಿಂತು ಕರೆಯಬೇಕು. ಅವರು ನಿಂತರೆ ಮೂರು ಸುತ್ತು ಪ್ರದಕ್ಷಿಣೆ ಹಾಕಿ, “ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ” ಎಂದು ಬಾಯಿಬಿಟ್ಟು ಹೇಳಬೇಕು. ಮನಸ್ಸು, ಮಾತು, ಮೈ, ಅನ್ನ, ನೀರು ಎಲ್ಲವೂ ಶುದ್ಧವಾಗಿವೆ ಎಂದು ಕೊಡುವವರು ತಾವೇ ಹೇಳುವ ಮಾತು ಅದು. ಆಮೇಲೆಯೇ ಮುನಿಗಳು ಒಳಗೆ ಬರುವುದು.

ಆ ದಿನ ಮುನಿಗಳು ಪದ್ಮವ್ವನ ಬಾಗಿಲಲ್ಲೇ ನಿಂತರು. ಎರಡು ಮೂರು ತುತ್ತು ಆದ ಮೇಲೆ ಬೊಗಸೆಗೆ ನೀರು ಹಾಕಲು ಪದ್ಮವ್ವ ಒಂದು ಹೆಜ್ಜೆ ಮುಂದಿಟ್ಟರು. ಎಡ ಮೊಣಕಾಲು ಸಿಕ್ಕಿಕೊಂಡು ಕುಸಿಯಿತು. ಮೇಜು ಹಿಡಿಯಲು ಹೋದ ಕೈಯಿಂದ ತಂಬಿಗೆ ನೆಲಕ್ಕೆ ಬಿತ್ತು. ಕೊಡುವವರ ಕೈಯಿಂದ ಪಾತ್ರೆ ಬಿದ್ದರೆ ಅದು ಅಂತರಾಯ. ಮುನಿಗಳು ಅಲ್ಲಿಗೇ ಆಹಾರ ನಿಲ್ಲಿಸಬೇಕು, ಮರುದಿನದವರೆಗೆ ನೀರೂ ಇಲ್ಲ. ಅವರು ಬೊಗಸೆ ಬಿಡಿಸಿದರು, ಆಶೀರ್ವಾದ ಮಾಡಿದರು, ಮಧ್ಯಾಹ್ನ ಕಾಗವಾಡದ ರಸ್ತೆ ಹಿಡಿದು ನಡೆದುಹೋದರು.

ಮನೆಯಲ್ಲಾಗಲಿ ಓಣಿಯಲ್ಲಾಗಲಿ ಯಾರೂ ಏನೂ ಅನ್ನಲಿಲ್ಲ. “ಯಾರರ ಬೈದಿದ್ರ ಛಲೋ ಇತ್ತ,” ಎಂದು ಪದ್ಮವ್ವ ಸೊಸೆ ನೀಲಮಳ ಮುಂದೆ ಹೇಳಿದರು. “ಆ ಬಿಸಲಾಗ ಅವರು ಬರೇ ಹೊಟ್ಟೀಲೆ ನಡದ್ರು.”

ಯುಗಾದಿಯ ಹೊತ್ತಿಗೆ ಸುದ್ದಿ ಬಂತು. ಆ ವರ್ಷದ ಚಾತುರ್ಮಾಸಕ್ಕೆ, ಅಂದರೆ ಮಳೆಗಾಲದ ನಾಲ್ಕು ತಿಂಗಳು, ಬೇರೊಬ್ಬ ಮುನಿ ಮಹಾರಾಜರು ಐನಾಪುರದಲ್ಲೇ ನೆಲೆ ನಿಲ್ಲುತ್ತಾರೆ. ಆಷಾಢದೊಳಗೆ ಕಾಲು ನೆಟ್ಟಗಾಗಬೇಕು ಎಂದು ಪದ್ಮವ್ವ ಮನಸ್ಸು ಮಾಡಿದರು.

ಊರಿನ ಡಾಕ್ಟರರ ಸೂಜಿ ಆಗಲೇ ಆಗಿತ್ತು. ಅದು ನೋವನ್ನು ಎರಡು ದಿನ ಮರೆಸುತ್ತಿತ್ತು, ಅಷ್ಟೇ. ಅಥಣಿಯಲ್ಲಿ ಎಲುಬಿನ ಡಾಕ್ಟರ್ ಸಂಗ್ರಾಮ ಎಕ್ಸರೇ ಬೆಳಕಿಗೆ ಹಿಡಿದು ತೋರಿಸಿದರು. ಎರಡೂ ಮೊಣಕಾಲಿನ ಸಂದು ಸವೆದಿತ್ತು. ಅವರು ಇರುವುದನ್ನು ಇದ್ದ ಹಾಗೆ ಹೇಳುವ ಮನುಷ್ಯ. ಸ್ಟೆರಾಯ್ಡ್ ಸೂಜಿ ಬೇಗ ಹಿಡಿಯುತ್ತದೆ, ಆದರೆ ಪದ್ಮವ್ವನಿಗೆ ಸಕ್ಕರೆ ಕಾಯಿಲೆ ಇದ್ದುದರಿಂದ ಕೆಲವು ದಿನ ಸಕ್ಕರೆ ಏರುವ ಭಯ; ಮೇಲಿಂದ ಮೇಲೆ ಕೊಡುವಂಥದ್ದೂ ಅಲ್ಲ. ಆಪರೇಷನ್ ಮಾಡಿ ಕೀಲು ಬದಲಿಸಿದರೆ ನೆಲದ ಮೇಲೆ ಕೂರುವುದನ್ನು ಮರೆಯಬೇಕು. ನಡುವಿನ ದಾರಿ ಎಂದರೆ ಕೀಲಿನೊಳಗೆ ಜೆಲ್ ಸೂಜಿ, ವಾರಕ್ಕೊಂದರಂತೆ ಮೂರು.

“ಗಾಡಿ ಅಚ್ಚಿಗೆ ಕೀಲೆಣ್ಣಿ ಹಾಕಿದಂಗೇನ್ರಿ?” ಧನಪಾಲ ಕೇಳಿದರು.

“ಹಂಗ ತಿಳ್ಕೋರಿ. ಆದರ ಹೋದ ಅಚ್ಚು ಹೊಸಾದ ಆಗಾಂಗಿಲ್ಲ. ಕೆಲವರಿಗೆ ಆರು ತಿಂಗಳ ಆರಾಮ ಅನಸತೈತಿ, ಕೆಲವರಿಗೆ ಏನೂ ಅನಸೂದಿಲ್ಲ.”

ಪದ್ಮವ್ವ ಹೂಂ ಎಂದರು. ಆರು ತಿಂಗಳು ಸಾಕಾಗಿತ್ತು.

ಮೊದಲ ಸೂಜಿಯ ದಿನ ಅವರನ್ನು ಮಂಚದ ಮೇಲೆ ಮಲಗಿಸಿ, ನರ್ಸ್ ಪ್ರಾಜಕ್ತಾ ಮೊಣಕಾಲಿಗೆ ಔಷಧ ಒರೆಸಿದಳು. ಮಿರಜ ಕಡೆಯ ಹುಡುಗಿ, ಎಲ್ಲ ಹೆಂಗಸರಿಗೂ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು. ಸೂಜಿಗೆ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ಕೇಳುತ್ತ ಹೋದಳು.

“ಮಾವಶಿ, ಕೋಳಿ, ತತ್ತಿ ತಿಂದರ ಮೈ ಕಡೀತೈತೇನು? ಗಂಧಿ ಏಳತಾವೇನು?”

ಪದ್ಮವ್ವ ನಕ್ಕುಬಿಟ್ಟರು. “ನಾವು ಉಳ್ಳಾಗಡ್ಡಿ ಸೈತ ತಿನ್ನಾಂಗಿಲ್ಲ ತಂಗಿ. ಕೋಳಿ ಎಲ್ಲಿಂದ ಬಂತ?” ನಕ್ಕು ಮುಗಿದ ಮೇಲೆ ಕೇಳಿದರು, “ಮೊಣಕಾಲಿನ ಸೂಜಿಗೆ ಕೋಳಿ ಯಾಕ ಕೇಳತಿ?”

ಪ್ರಾಜಕ್ತಾ ಡಾಕ್ಟರರ ಮುಖ ನೋಡಿದಳು. ಡಾಕ್ಟರು ಮುಚ್ಚಿಡಲಿಲ್ಲ. “ಈ ಔಷಧ ಹುಂಜದ ಜುಟ್ಟಿನಿಂದ ತಗೀತಾರ್ರಿ ಅವ್ವಾರ. ಮರಾಠ್ಯಾಗ ತುರಾ ಅಂತಾರಲ್ಲ, ಅದು. ಅದಕ್ಕ ಕೋಳಿ ಆಗಿ ಬರದವರಿಗೆ ಕೊಡಾಂಗಿಲ್ಲ.”

“ಹುಂಜ ಸತ್ತಿರತೈತೇನ್ರಿ?”

“ಕೊಯ್ದ ಹುಂಜದ್ದ ಅದು.”

ಪದ್ಮವ್ವ ಎದ್ದು ಕೂತು ಸೀರೆ ಕೆಳಗೆಳೆದುಕೊಂಡರು. ಡಾಕ್ಟರರಿಗೆ ಇನ್ನೂ ಒಂದು ಮಾತು ಹೇಳುವುದಿತ್ತು. “ಬಾಯಾಗ ತಿನ್ನೂದಲ್ಲ. ಒಳಗ ಕಾಯಂ ಕೂಡ್ರೂದೂ ಇಲ್ಲ. ಒಂದ ತಿಂಗಳಾಗೂದರಾಗ ಮೈಯಾಗ ಕರಗಿ ಹೋಗಿರತೈತಿ. ಆರಾಮ ಮಾತ್ರ ಮುಂದೂ ಇರತೈತಿ. ನಿಮ್ಮ ಚಾತುರ್ಮಾಸ ಬರೂದರಾಗ ಅದರ ಗುರ್ತೂ ಇರಾಂಗಿಲ್ಲ.”

ಪದ್ಮವ್ವ ಮಂಚದಿಂದ ಕಾಲು ಕೆಳಗಿಟ್ಟರು. “ಅದು ಹೋದರೂ ನಾ ಅದರ ಮ್ಯಾಲ ನಿಂತಿರತೀನಲ್ರಿ,” ಎಂದರು.

ಡಾಕ್ಟರು ಸಿರಿಂಜನ್ನು ತಟ್ಟೆಯಲ್ಲಿಟ್ಟರು. ಪ್ರಾಣಿಯಿಂದ ತೆಗೆಯದ ಇನ್ನೊಂದು ಬಗೆಯೂ ಇದೆ ಎಂದರು. ಬ್ಯಾಕ್ಟೀರಿಯಾ ಎಂಬ ಸೂಕ್ಷ್ಮ ಜೀವಿಗಳನ್ನು ದೊಡ್ಡ ಹಂಡೆಗಳಲ್ಲಿ, ಹಾಲಿಗೆ ಹೆಪ್ಪು ಹಾಕಿದ ಹಾಗೆ ಬೆಳೆಸಿ ತೆಗೆಯುವಂಥದ್ದು. ತಮ್ಮಲ್ಲಿ ಇಲ್ಲ, ಮಿರಜದಿಂದ ತರಿಸಬೇಕು, ವಾರ ಹಿಡಿಯುತ್ತದೆ. ಗುಣ ಎರಡರದ್ದೂ ಹೆಚ್ಚು ಕಡಿಮೆ ಒಂದೇ.

“ಅವೂ ಜೀವ ಅಲ್ಲೇನ್ರಿ?” ಎಂದು ಪದ್ಮವ್ವ ಕೇಳಿದರು. ಡಾಕ್ಟರು ಕೈಗವಸು ಬಿಚ್ಚಿದರು. “ಅದನ್ನ ನಿಮ್ಮವರನ್ನ ಕೇಳ್ಕೊಂಡ ಬರ್ರಿ.”

ಐನಾಪುರದ ಬಸ್ಸಿನಲ್ಲಿ ಧನಪಾಲ ಮಾತು ತೆಗೆದರು. ಆ ಸೂಜಿಯನ್ನೇ ಹಾಕಿಸಿಕೊಳ್ಳಲಿ ಎಂಬುದು ಅವರ ಮನಸ್ಸು. ಬಾವಿಕಟ್ಟೆಯ ಮೇಲೆ ಹೆಂಡತಿ ಇಳಿಯುವುದನ್ನು ದಿನವೂ ನೋಡುತ್ತಿದ್ದವರು ಅವರು, ತಮಾಷೆ ಮಾಡಿದರೂ.

“ದಿನಾ ಮುಂಜಾನೆ ಕ್ಯಾಪ್ಸೂಲ್ ನುಂಗತಿ. ಅದರ ಮ್ಯಾಲಿನ ಸಿಪ್ಪಿ ಯಾವ ಹೊಲದಾಗ ಬೆಳದೈತಿ, ಗೊತ್ತೈತೇನು?”

“ಯಾವುದರಿಂದ ಮಾಡತಾರ?”

“ದನದ ಎಲುಬು, ತೊಗಲು ಕುದಿಸಿ ಮಾಡತಾರಂತ.”

ಮರುದಿನದಿಂದ ಕ್ಯಾಪ್ಸೂಲೂ ನಿಂತಿತು. ಪದ್ಮವ್ವ ಔಷಧದಂಗಡಿಯಲ್ಲಿ ಕೇಳಿ ಅದರ ಬದಲು ಸಿಪ್ಪೆ ಇಲ್ಲದ ಗುಳಿಗೆ ತಂದುಕೊಂಡರು. “ಇನ್ನ ನಾ ಬಾಯಿ ಬಿಡಾಂಗಿಲ್ಲಪಾ,” ಎಂದರು ಧನಪಾಲ. “ಮಾತಾಡಿದಷ್ಟೂ ಇಕಿ ಔಷಧ ಕಡಿಮಿ ಆಗಾಕತ್ತಾವ.”

ಬಸದಿಯಲ್ಲಿ ಪೂಜೆ ಮಾಡುವವರು ಬಾಹುಬಲಿ ಉಪಾಧ್ಯೆ. ಪೂಜೆ ಮುಗಿಯುವವರೆಗೆ ಕಾದು ಪದ್ಮವ್ವ ಎಲ್ಲವನ್ನೂ ಹೇಳಿದರು. ಉಪಾಧ್ಯೆಯವರು ಹಂಡೆಯಲ್ಲಿ ಬೆಳೆಸುವ ಜೀವಿಗಳ ಪ್ರಶ್ನೆಯನ್ನು ಮೊದಲು ಎತ್ತಿಕೊಂಡರು.

“ನಾವು ಸಂಸಾರಸ್ಥರು, ಒಕ್ಕಲುತನ ಮಾಡವರು. ನೇಗಲಾ ಹೂಡಿದರ, ನೀರ ಕಾಸಿದರ, ಒಲಿ ಹಚ್ಚಿದರ ಒಂದ ಇಂದ್ರಿಯದ ಜೀವ ಹೋಗತಾವ. ತಪ್ಪಸಾಕ ಆಗೂದಿಲ್ಲ. ಆದಷ್ಟು ಜ್ವಾಕಿ ಮಾಡಬೇಕು, ಅಷ್ಟ. ಹುಂಜ ಅಂದರ ಐದು ಇಂದ್ರಿಯ. ಅದು ಬ್ಯಾರೆ ಮಾತು.”

“ಹಂಗಾರ ಹುಂಜದ್ದು ಹಾಕಿಸ್ಕೊಂಡವರು ತಪ್ಪ ಮಾಡಿದಂಗೇನ್ರಿ?”

“ಹಂಗ ನಾ ಅನ್ನಾಂಗಿಲ್ಲ. ಬ್ಯಾನಿಗೆ ಔಷಧ ಅಂತ ತಗೊಂಡವರು ನಮ್ಮವರಾಗೂ ಅದಾರ. ನೀವೂ ತಗೊಂಡ್ರ ಮಹಾರಾಜರಿಗೆ ಹೋಗಿ ಯಾರು ಹೇಳತಾರ?”

“ನಾನ ಹೇಳಬೇಕಲ್ರಿ. ಬಾಗಲದಾಗ ನಿಂತು, ಕಾಯಶುದ್ಧಿ ಅಂತ.”

ಉಪಾಧ್ಯೆಯವರು ಪೂಜೆಯ ತಟ್ಟೆ ಎತ್ತಿಕೊಂಡರು. ಪದ್ಮವ್ವ ಏಳುವಾಗ ಕ್ಯಾಪ್ಸೂಲಿನ ವಿಷಯವನ್ನೂ ಹೇಳಹೋದರು. ಉಪಾಧ್ಯೆಯವರು ಕೈ ಅಡ್ಡ ಮಾಡಿದರು. “ಅದೊಂದು ಇವತ್ತ ಬ್ಯಾಡ್ರಿ ಅವ್ವಾರ. ನನ್ನ ಬೀಪಿ ಔಷಧಾನೂ ಅಂಥಾ ಕ್ಯಾಪ್ಸೂಲ್ ಐತಿ. ಮೊದಲ ಡಬ್ಬಿ ನೋಡ್ಕೊಂಡ ಹೇಳತೀನಿ.”

ಮಿರಜದಿಂದ ಔಷಧ ಬಂತು. ಮೇ ಕೊನೆಯಿಂದ ಮೂರು ವಾರ ಎರಡೂ ಮೊಣಕಾಲಿಗೆ ಸೂಜಿ ಬಿತ್ತು. ಮೊದಲ ವಾರ ಬಾವು ಬಂದು ಇಳಿಯಿತು. ಜುಲೈ ಹೊತ್ತಿಗೆ ಬಲಗಾಲು ಹಗುರಾಗಿತ್ತು. ಎಡಗಾಲು ಹೇಗಿತ್ತೋ ಹಾಗೇ ಇತ್ತು. ಕುಸಿದದ್ದು ಆ ಕಾಲೇ. ಹುಂಜದ್ದನ್ನೇ ಹಾಕಿಸಿದ್ದರೆ ಎರಡೂ ನೆಟ್ಟಗಾಗುತ್ತಿದ್ದವೋ ಏನೋ ಎಂದು ಧನಪಾಲ ಒಮ್ಮೆ ಕೇಳಿದರು. ಹಾಗೆ ಹೇಳಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದರು.

ಚಾತುರ್ಮಾಸ ಶುರುವಾಗುವ ಮುಂಚೆ ಪದ್ಮವ್ವ ಸೊಸೆಯನ್ನು ಅಡುಗೆಮನೆಗೆ ಕರೆದರು. ತಂಬಿಗೆಯನ್ನು ಅವಳ ಕೈಗಿಟ್ಟು, ಬೊಗಸೆಗೆ ಎಷ್ಟು ಹತ್ತಿರ ಹಿಡಿಯಬೇಕು, ಎಷ್ಟು ಸಣ್ಣಗೆ ಸುರಿಯಬೇಕು ಎಂದು ಧನಪಾಲರ ಬೊಗಸೆಯ ಮೇಲೆ ರೂಢಿ ಮಾಡಿಸಿದರು.

“ಅತ್ತಿ, ನೀವು?” ಎಂದಳು ನೀಲಮ.

“ಬಾಗಲದಾಗಿನ ಮಾತು ನಂದು. ಬಾಯಿ ಪೂರಾ ಗಟ್ಟಿ ಐತಿ, ಕಾಲು ಅರ್ಧಾ. ನೀರು ನಿಂದು.”

“ಮಾವಾರು ತೋಳ ತನಕಾ ತೊಯ್ಯಾಕತ್ತಾರ್ರಿ.”

“ತೊಯ್ಲಿ. ಅವರಿಗೇನ ಅಂತರಾಯ ಆಗತೈತಿ?”

ಓಣಿಯಲ್ಲಿ ದಿನವೂ ನಾಲ್ಕಾರು ಮನೆಯವರು ಕಳಶ ಹಿಡಿದು ನಿಲ್ಲುತ್ತಿದ್ದರು. ಮಹಾರಾಜರು ಯಾರ ಮನೆಗೆ ಹೋಗುತ್ತಾರೆಂದು ಮೊದಲೇ ತಿಳಿಯುವುದಿಲ್ಲ. ಆಷಾಢ ಕಳೆದು ಶ್ರಾವಣದ ನಡುವೆ ಒಂದು ಬೆಳಿಗ್ಗೆ ಅವರು ಪದ್ಮವ್ವನ ಬಾಗಿಲ ಮುಂದೆ ನಿಂತರು. ಪದ್ಮವ್ವ ಕಳಶ ಹಿಡಿದು ಮೂರು ಸುತ್ತು ಹಾಕಿದರು, ನಿಧಾನವಾಗಿ, ನೀಲಮ ಮಗ್ಗುಲಲ್ಲೇ ಇದ್ದಳು. ಆಮೇಲೆ ಹೇಳಬೇಕಾದದ್ದನ್ನು ಹೇಳಿದರು. ಕಾಯಶುದ್ಧಿ ಎನ್ನುವಾಗ ಧ್ವನಿ ಉಳಿದ ಮಾತುಗಳಷ್ಟೇ ಇತ್ತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ ಎಂದು ಪಕ್ಕದ ಮನೆಯ ಚನ್ನವ್ವ ಆಮೇಲೆ ಹೇಳಿದರು. ಒಳಗೆ ಪದ್ಮವ್ವ ಒಂದು ಕೈ ಗೋಡೆಗೆ ಕೊಟ್ಟು ನಿಂತರು. ನೀರು ಹಾಕಿದವಳು ನೀಲಮ. ಮಹಾರಾಜರು ಆಹಾರವನ್ನು ಕೊನೆಯ ತನಕ ಮುಗಿಸಿದರು.

ದೀಪಾವಳಿ ಆದ ಮೇಲೆ ಮಹಾರಾಜರು ಕುಂಭೋಜದ ಕಡೆಗೆ ನಡೆದರು. ಮರುವಾರ ಪದ್ಮವ್ವ ಅಥಣಿಗೆ ಹೋದರು. ಎಡಗಾಲಿಗೆ ಅದೇ ಸೂಜಿ ಮತ್ತೆ ಹಾಕುವುದರಿಂದ ಉಪಯೋಗವಿಲ್ಲ ಎಂದು ಡಾಕ್ಟರು ಹೇಳಿ, ತೊಡೆ ಗಟ್ಟಿಯಾಗುವ ವ್ಯಾಯಾಮ ತೋರಿಸಿದರು. ಧನಪಾಲ ಬಾವಿಕಟ್ಟೆಗೆ ಕಬ್ಬಿಣದ ಪೈಪಿನ ಹಿಡಿಕೆ ಕೂರಿಸಿದರು. ಈಗ ಪದ್ಮವ್ವ ಜೀವಾಣಿ ಬಿಟ್ಟ ಮೇಲೆ ಅದನ್ನು ಹಿಡಿದು, ಎಡಗಾಲು ಮೊದಲಿಟ್ಟು, ಮುಂದೆ ಮುಖ ಮಾಡಿಯೇ ಇಳಿಯುತ್ತಾರೆ.